ಮಾಂಸ ತರುವ ಚೀಲ: ಮಾಡಬೇಕಾದ್ದು, ಮಾಡಬಾರದ್ದು

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಬೈರಿದೇವರಕೊಪ್ಪದಲ್ಲಿ ರವಿವಾರ ಬೆಳಿಗ್ಗೆ ಮಟನ್, ಚಿಕನ್, ಮೀನು ತರಲು ಹೊರಡುವ ಎಲ್ಲ ಮನೆಯವರಿಗೆ ಮತ್ತು ಅದನ್ನು ಮಾರುವ ಎಲ್ಲ ಅಂಗಡಿಯವರಿಗೆ ಈ ಸೂಚನೆ.

ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಮೇಲೆ ಕೇಂದ್ರ ಸರಕಾರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಹೀಗಾಗಿ ಮಟನ್ ಅಂಗಡಿಯ ಮುಂದೆಯೂ ಅರಿವೆ ಚೀಲ ಕಾಣಿಸುತ್ತಿದೆ. ಅದು ಬರಲೇಬೇಕಿತ್ತು. ಆದರೆ ರಕ್ತ ಮೆತ್ತಿದ ಪ್ಲಾಸ್ಟಿಕ್ ಕವರು ಅಂದೇ ಕಸದ ಗಾಡಿಗೆ ಹೋಗುತ್ತಿತ್ತು, ಅರಿವೆ ಚೀಲ ಅಡುಗೆಮನೆಯ ಗೂಟಕ್ಕೆ ವಾಪಸ್ ಬರುತ್ತದೆ. ಇಂದು ಕೋಳಿ ತಂದ ಚೀಲದಲ್ಲಿ ನಾಳೆ ಕೊತ್ತಂಬರಿ, ಸೌತೆಕಾಯಿ ತಂದು ಹಸಿಯಾಗಿ ತಿಂದರೆ ಕೋಳಿಯ ಮೇಲಿದ್ದ ರೋಗಾಣು ನೇರ ಮಕ್ಕಳ ತಟ್ಟೆಗೆ ಬರುತ್ತದೆ. ಮಾಂಸವನ್ನಾದರೂ ನಾವು ಕುದಿಸಿ ಉಣ್ಣುತ್ತೇವೆ, ಸೌತೆಕಾಯಿಯನ್ನು ಯಾರೂ ಕುದಿಸುವುದಿಲ್ಲ.

ಆದ್ದರಿಂದ ಮುಖ್ಯ ಕಟ್ಟಳೆ ಎರಡೇ. ಮಾಂಸಕ್ಕೆ ಬೇರೆಯದೇ ಚೀಲ ಇರಬೇಕು. ಅದನ್ನು ತಂದ ದಿನವೇ ತೊಳೆಯಬೇಕು. ಇವೆರಡನ್ನು ಪಾಲಿಸಲಾಗದವರು ಅರಿವೆ ಚೀಲ ಒಯ್ಯುವುದೇ ಬೇಡ, ಸ್ಟೀಲ್ ಡಬ್ಬಿ ಒಯ್ಯಲಿ.

ಕಾಡಿನ ಮಾಂಸಕ್ಕೆ ಯಾವ ಚೀಲವೂ ಇಲ್ಲ

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕ, ಕೆನಡಾ ದೇಶಗಳಲ್ಲಿ ಪರವಾನಗಿ ಪಡೆದು ಬೇಟೆಯಾಡುವವರು ಕೊಂದ ಪ್ರಾಣಿಯ ಮಾಂಸವನ್ನು ತೆಳ್ಳನೆಯ, ಗಾಳಿಯಾಡುವ ಬಿಳಿ ಅರಿವೆ ಚೀಲಗಳಲ್ಲಿ ತೂಗುಹಾಕಿ ಆರಿಸುತ್ತಾರೆ, ಆ ಚೀಲಗಳನ್ನೇ ತೊಳೆದು ಮತ್ತೆ ಬಳಸುತ್ತಾರೆ. ನೊಣ ಕೂರಬಾರದು, ಮಾಂಸದ ಬಿಸಿ ಬೇಗ ಇಳಿಯಬೇಕು, ಮೇಲ್ಮೈ ಒಣಗಬೇಕು ಎಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ನಮ್ಮ ಮಟನ್ ಅಂಗಡಿಗೂ ಒಪ್ಪುತ್ತದೆ, ಬೇಟೆ ಮಾತ್ರ ಒಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಬೇಟೆ ಅಪರಾಧ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಪ್ರಕರಣಗಳಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ನಾವು ಚಿಗರಿ ಎನ್ನುವ ಕೃಷ್ಣಮೃಗದಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು ಖಾಯಂ, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ.

ಯುಗಾದಿಗೆ ಬೇಟೆಯಾಡಿದ ಮೊಲ, ಹೊಲಕ್ಕೆ ನುಗ್ಗಿದ ಹಂದಿ, ಗೆಳೆಯರು ಕದ್ದು ಕಳಿಸಿದ ಪಾಲು, ಯಾವುದನ್ನೂ ಮುಟ್ಟಬಾರದು. ಹೊಡೆದವನು ಬೇರೆಯವನು, ನಾನು ಪಾಲು ತಂದೆನಷ್ಟೇ ಎಂಬ ಮಾತು ನಡೆಯುವುದಿಲ್ಲ, ಆ ಮಾಂಸ ಇಟ್ಟುಕೊಳ್ಳುವುದೂ ಸಾಗಿಸುವುದೂ ಅಪರಾಧವೇ. ಯಾವ ಪಶುವೈದ್ಯರೂ ನೋಡದ ಪ್ರಾಣಿ ಅದು ಎಂಬುದು ಬೇರೆ. ಮಾರುವವರು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಚೀಲ ಆರಿಸುವಾಗ

ಹತ್ತಿಯದನ್ನೇ ಆರಿಸಿ. ಒತ್ತಾಗಿ ನೇಯ್ದ, ಬಣ್ಣ ಹಾಕದ ಕೋರಾ ಅರಿವೆ, ನಮ್ಮ ಕಡೆ ಮಾಂಜರಪಾಟ ಅನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯದಿಲ್ಲ. ಅದು ಕುದಿಯುವ ನೀರನ್ನು ತಡೆಯುತ್ತದೆ. ಉಳಿದ ಅರಿವೆಗಳೆಲ್ಲ ಸೋಲುವುದು ಇಲ್ಲೇ. ಕುದಿಸಲಾಗದ ಚೀಲ ಎಷ್ಟು ಚೆಂದವಿದ್ದರೂ ಮಾಂಸಕ್ಕೆ ಬೇಡ. ನೇಯ್ಗೆ ಒತ್ತಾಗಿದ್ದರೆ ನೊಣ ಅದರ ಎಳೆಗಳ ನಡುವೆ ತತ್ತಿ ಇಡಲಾರದು, ಆದರೂ ಗಾಳಿ ಆಡುತ್ತದೆ.

ಬಣ್ಣ ಬಿಳಿಯದೇ ಇರಲಿ. ಕಲೆ ಕಾಣುತ್ತದೆಂದು ಕರಿ, ಕಂದು ಚೀಲ ಹುಡುಕುವವರಿದ್ದಾರೆ. ಕಲೆ ಕಾಣಬೇಕು, ಅದಕ್ಕಾಗಿಯೇ ಬಿಳಿ. ಎಲ್ಲಿ ರಕ್ತ ಉಳಿದಿದೆ, ಯಾವ ಮೂಲೆ ಸರಿಯಾಗಿ ತೊಳೆದಿಲ್ಲ ಎಂಬುದನ್ನು ಬಿಳಿ ಅರಿವೆ ಹೇಳುತ್ತದೆ.

ಒಳಗೆ ಕಿಸೆ, ಝಿಪ್, ಅಸ್ತರಿ ಯಾವುದೂ ಇರಬಾರದು. ರಕ್ತ ಸೇರಿಕೊಳ್ಳುವುದು ಹೊಲಿಗೆಯ ಮಡಿಕೆಗಳಲ್ಲಿ. ಟೇಲರ್ ಹತ್ತಿರ ಹೊಲಿಸುವುದಾದರೆ ಅರಿವೆಯ ತುದಿ ಒಳಗೆ ಬಿಚ್ಚಿಕೊಂಡಿರದಂತೆ ಮಡಿಸಿ ಹೊಲಿಯಲು ಹೇಳಿ. ಚೀಲವನ್ನು ಪೂರ್ತಿ ಒಳಹೊರಗು ತಿರುವಲು ಬರಬೇಕು. ಹೊಲಿಸುವ ಮೊದಲು ಅರಿವೆಯನ್ನು ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿ, ಇಲ್ಲದಿದ್ದರೆ ಮೊದಲ ಕುದಿತಕ್ಕೇ ಕುಗ್ಗಿ ಡಬ್ಬಿ ಹಿಡಿಯದಂತಾಗುತ್ತದೆ. ಒಂದು ಮನೆಗೆ ಎರಡು ಚೀಲ ಸಾಕು, ಒಂದು ತೊಳೆದು ಒಣಗುತ್ತಿರುವಾಗ ಇನ್ನೊಂದು ಕೈಯಲ್ಲಿ. ಮೀನು ಹೆಚ್ಚು ತಿನ್ನುವವರು ಮೂರನೆಯದನ್ನು ಇಟ್ಟುಕೊಳ್ಳಲಿ. ಹಿಡಿಕೆಗೆ ಕೆಂಪು ದಾರದಲ್ಲಿ ಗುರುತು ಹೊಲಿಯಿರಿ. ಅಜ್ಜಿಗೂ ಮಕ್ಕಳಿಗೂ ಮನೆಗೆಲಸಕ್ಕೆ ಬರುವ ಅಕ್ಕನಿಗೂ ಆ ಗುರುತು ಗೊತ್ತಿರಬೇಕು.

ಇನ್ನು ಬಳಸಲೇಬಾರದ ಚೀಲಗಳು.

ಗೊಬ್ಬರದ ಚೀಲ, ಕೀಟನಾಶಕ ಬಂದ ಚೀಲ, ಸಿಮೆಂಟ್ ಚೀಲ. ಬೀಗರೂಟಕ್ಕೋ ದೇವರ ಕಾರ್ಯಕ್ಕೋ ಇಡೀ ಕುರಿ ಕಡಿಸಿದಾಗ ಗಟ್ಟಿಯಾಗಿದೆ ಎಂದು ಇವನ್ನೇ ಝಾಡಿಸಿ, ಮೇಲೊಂದು ಚರಗಿ ನೀರು ಸುರಿದು ಖಂಡ ತುಂಬುವ ರೂಢಿ ಇದೆ. ಇದು ನಿಲ್ಲಬೇಕು. ಆ ನೇಯ್ಗೆಯ ಎಳೆಗಳಲ್ಲಿ ಕೂತ ರಾಸಾಯನಿಕ ನೀರಿಗೂ ಸಾಬೂನಿಗೂ ಪೂರ್ತಿ ಹೋಗುವುದಿಲ್ಲ, ಮಾಂಸಕ್ಕೆ ಹತ್ತಿ ಅಡುಗೆಗೆ ಬಂದು ಸೇರುತ್ತದೆ. ರೋಗಾಣುವನ್ನು ಬೆಂಕಿ ಕೊಲ್ಲುತ್ತದೆ, ವಿಷವನ್ನು ಕೊಲ್ಲುವುದಿಲ್ಲ. ಇಡೀ ಕುರಿಯ ಮಾಂಸಕ್ಕೆ ದೊಡ್ಡ ಪರಾತ, ಮುಚ್ಚಳವಿರುವ ಬೋಗುಣಿ ಒಯ್ಯಿರಿ, ಮೇಲೆ ತೊಳೆದ ಬಿಳಿ ಅರಿವೆ ಹೊದಿಸಿ.

ಅರಿವೆಯಂತೆ ಕಾಣುವ, ಮುಟ್ಟಿದರೆ ಕಾಗದದಂತೆ ಸರಬರ ಎನ್ನುವ ಬಣ್ಣದ ಚೀಲಗಳು. ಜವಳಿ ಅಂಗಡಿಗಳಲ್ಲಿ ಕೊಡುವ ಇವು ಅರಿವೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಕುದಿಸಿ ತೊಳೆಯುವ ಬಾಳಿಕೆ ಇವಕ್ಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ದೇಶಕ್ಕೆ ರಾಷ್ಟ್ರಧ್ವಜ ಹೊಲಿದು ಕೊಡುತ್ತಿದೆ. ಕೈಯಳತೆಯಲ್ಲೇ ಅಪ್ಪಟ ಹತ್ತಿ ಅರಿವೆ ಸಿಗುವ ಊರಿನವರು ನಾವು, ಈ ನಕಲಿ ಅರಿವೆಗೆ ಮರುಳಾಗಬಾರದು.

ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ, ಜಾಹೀರಾತು ಅಚ್ಚು ಹಾಕಿದ ಚೀಲ ಸಹ ಬೇಡ, ಕುದಿಸಿದಾಗ ಬಣ್ಣ ಬಿಡುತ್ತದೆ. ಕರಿ ಪ್ಲಾಸ್ಟಿಕ್ ಕವರಿನ ಬಗ್ಗೆ ಚರ್ಚೆಯೇ ಬೇಡ. ಯಾವ ಯಾವ ಕಸ ಕರಗಿಸಿ ಮಾಡಿದ್ದೆಂಬುದು ಆ ಕರಿ ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ಅಂಗಡಿಯಿಂದ ಮನೆಗೆ

ಮಾಂಸ ಅರಿವೆಗೆ ನೇರ ತಾಗದಿರುವುದು ಎಲ್ಲಕ್ಕಿಂತ ಉತ್ತಮ. ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿ ಒಳಗೆ, ಅರಿವೆ ಚೀಲ ಹೊರಗೆ. ಕೇಳಲು ಸಂಕೋಚ ಪಡಬೇಡಿ. “ಅಣ್ಣಾ, ಡಬ್ಬಿ ಇಟ್ಟು ಕಾಟಾ ಝೀರೋ ಮಾಡ್ರಿ, ಆಮ್ಯಾಲೆ ಖಂಡ ಹಾಕ್ರಿ” ಅಂದರೆ ಸಾಕು, ತೂಕದಲ್ಲಿ ಯಾರಿಗೂ ನಷ್ಟವಿಲ್ಲ. ಡಬ್ಬಿ ಮರೆತ ದಿನ ಬಾಳೆ ಎಲೆಯಲ್ಲೋ ಮುತ್ತಲ ಎಲೆಯಲ್ಲೋ ಸುತ್ತಿಸಿ ಚೀಲಕ್ಕೆ ಹಾಕಿ. ಹಳೆಯ ಪತ್ರಿಕೆಯಲ್ಲಿ ಸುತ್ತಿಸಬಾರದು. ಅಚ್ಚಿನ ಮಸಿ ಹಸಿ ಮಾಂಸಕ್ಕೆ ಹತ್ತುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು 2018ರ ಆಹಾರ ಸುರಕ್ಷತೆಯ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ.

ಮಟನ್, ಕೋಳಿ, ಮೀನು ಮೂರನ್ನೂ ಒಂದೇ ಡಬ್ಬಿಗೆ ಹಾಕಿಸಬಾರದು. ಬೋಟಿ ಮತ್ತು ತಲೆ-ಕಾಲಿಗೆ ಖಂಡಿತ ಬೇರೆ ಡಬ್ಬಿ ಬೇಕು, ಕರುಳಿನ ಹೊಲಸು ಖೀಮಾಕ್ಕೆ ತಾಗಿದರೆ ಅದನ್ನು ತೊಳೆದು ಸರಿಮಾಡಲಾಗದು.

ಸಂತೆ ಮೊದಲು, ಮಾಂಸ ಕೊನೆಗೆ. ಕಾಯಿಪಲ್ಲೆ, ಕಿರಾಣಿ, ಔಷಧಿ ಎಲ್ಲ ಮುಗಿಸಿ ಮಾಂಸ ತೆಗೆದುಕೊಂಡು ಸೀದಾ ಮನೆಗೆ ಬರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಿಸಿಲು 37-38 ಡಿಗ್ರಿ ಮುಟ್ಟುವ ದಿನಗಳಿವೆ. ಹಸಿ ಮಾಂಸ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು ಎಂಬುದು ಸಾಮಾನ್ಯ ನಿಯಮ, ಬಿಸಿ 32 ಡಿಗ್ರಿ ದಾಟಿದರೆ ಒಂದೇ ತಾಸು. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ, ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಮಾಂಸ ಇಟ್ಟು ಚಹಾ ಕುಡಿಯಲು ನಿಲ್ಲಬಾರದು, ಆ ಡಿಕ್ಕಿ ಹೊರಗಿನ ಬಿಸಿಲಿಗಿಂತಲೂ ಬಿಸಿ. ದೂರದಿಂದ ತರುವವರು ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯೊಂದನ್ನು ಡಬ್ಬಿಯ ಪಕ್ಕದಲ್ಲಿ ಇಡಲಿ.

ಧಾರವಾಡದಿಂದಲೋ ಹುಬ್ಬಳ್ಳಿಯಿಂದಲೋ ಚಿಗರಿ ಎಂಬ ಹೆಸರಿನ ನಗರ ಬಸ್ಸಿನಲ್ಲಿ ಬರುವವರಿಗೆ ಒಂದು ಮಾತು. ಕಿಟಕಿ ಮುಚ್ಚಿದ ಬಸ್ಸು ಅದು. ಸೋರುವ ಚೀಲ ಹಿಡಿದು ಹತ್ತಬಾರದು, ಸೀಟಿನ ಮೇಲೆ ಇಡಬಾರದು. ಪಕ್ಕದಲ್ಲಿ ಕೂತವರು ಮಾಂಸ ತಿನ್ನದವರಿರಬಹುದು, ಉಪವಾಸದಲ್ಲಿರಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಯಾರಿಗೂ ತೊಂದರೆಯಿಲ್ಲ.

ತೊಳೆಯುವುದು

2011ರಲ್ಲಿ ಅಮೆರಿಕದ ಅರಿಜೋನಾ ಮತ್ತು ಲೋಮಾ ಲಿಂಡಾ ವಿಶ್ವವಿದ್ಯಾಲಯಗಳ ಸಂಶೋಧಕರು ಗಿರಾಕಿಗಳ ಕೈಯಿಂದ 84 ಮರುಬಳಕೆಯ ಚೀಲಗಳನ್ನು ಪಡೆದು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಶೇಕಡ 8ರಷ್ಟು ಚೀಲಗಳಲ್ಲಿ ಇ-ಕೋಲಿ ಇತ್ತು. ಮಾಂಸದ ರಸ ಸೋಕಿದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಎರಡು ತಾಸು ಇಟ್ಟರೆ ಬ್ಯಾಕ್ಟೀರಿಯಾ ಹತ್ತು ಪಟ್ಟಾಯಿತು. ಚೀಲದ ಒಡೆಯರಲ್ಲಿ ಬಹುತೇಕ ಯಾರೂ ಅದನ್ನು ಎಂದೂ ತೊಳೆದಿರಲಿಲ್ಲ. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಲ್ಲಿನ ರಾಸಾಯನಿಕ ಉದ್ಯಮದ ಕೂಟ, ಅದರಲ್ಲಿ ಪ್ಲಾಸ್ಟಿಕ್ ತಯಾರಕರೂ ಇದ್ದಾರೆ. ಅರಿವೆ ಚೀಲಕ್ಕೆ ಕೆಟ್ಟ ಹೆಸರು ಬಂದರೆ ಲಾಭ ಯಾರಿಗೆಂದು ಓದುವಾಗ ನೆನಪಿಡಬೇಕು. ಆದರೆ ಅದೇ ವರದಿ ಇನ್ನೊಂದನ್ನೂ ಹೇಳಿತು: ಚೀಲ ತೊಳೆದಾಗ ಶೇಕಡ 99.9ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಹೋಯಿತು. ನಮಗೆ ಬೇಕಾದದ್ದು ಈ ಮಾತು.

ತೊಳೆಯುವ ಕ್ರಮ ತಪ್ಪಬಾರದು. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಅವಸರಕ್ಕೆ ನೇರ ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಎಳೆಗೆ ಅಂಟಿ ಕೂರುತ್ತದೆ, ಮತ್ತೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಚೀಲವನ್ನು ಒಳಹೊರಗು ತಿರುವಿ, ಚೂರು, ಎಲುಬಿನ ಪುಡಿ ಝಾಡಿಸಿ ಕಸಕ್ಕೆ ಹಾಕಿ. ಒಂದು ಹಿಡಿ ಉಪ್ಪು ಬೆರೆಸಿದ ತಣ್ಣೀರಲ್ಲಿ ಅರ್ಧ ತಾಸು ನೆನೆಹಾಕಿ ಹಿಂಡಿ. ನೀರು ಕೆಂಪಾಗಿದ್ದರೆ ಇನ್ನೊಮ್ಮೆ.

ಆಮೇಲೆ ಕೊಬ್ಬು. ತಣ್ಣೀರಿಗೆ ಇದು ಬಗ್ಗುವುದಿಲ್ಲ, ಮಟನ್ ಕೊಬ್ಬು ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ. ಬಿಸಿನೀರಿಗೆ ಅರಿವೆ ಸಾಬೂನೋ ಪುಡಿಯೋ ಜೊತೆಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಹೊಲಿಗೆ, ಮೂಲೆ, ಹಿಡಿಕೆಗಳನ್ನು ಬ್ರಷ್‌ನಿಂದ ತಿಕ್ಕಬೇಕು. ಹಿಡಿಕೆಯನ್ನು ಎಲ್ಲರೂ ಮರೆಯುತ್ತಾರೆ. ಮಾಂಸ ಮುಟ್ಟಿದ ಕೈ ಮೊದಲು ಹಿಡಿಯುವುದು ಅದನ್ನೇ.

ಕೊನೆಗೆ ಕುದಿಸುವುದು. ಅಡುಗೆಗೆ ಬಳಸದ ಹಳೆಯ ಬೋಗುಣಿಯೊಂದನ್ನು ಇದಕ್ಕೆಂದೇ ಎತ್ತಿಡಿ. ಚೀಲ ಪೂರ್ತಿ ಮುಳುಗಿ ಹತ್ತು ನಿಮಿಷ ಕೊತಕೊತ ಕುದಿಯಬೇಕು. ಇಷ್ಟಾದರೆ ಔಷಧಿಯ ಗೊಡವೆಯೇ ಬೇಡ. ಬ್ಲೀಚಿಂಗ್ ಪೌಡರು ಹತ್ತಿಯ ಎಳೆಯನ್ನು ಬೇಗ ತಿನ್ನುತ್ತದೆ, ವಾಸನೆಯನ್ನೂ ಉಳಿಸುತ್ತದೆ. ಬ್ಲೀಚು ಬಳಸಿದ ನೀರಿಗೆ ವಿನೆಗರ್, ಲಿಂಬೆರಸ, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಕುತ್ತು. ಮೀನಿನ ವಾಸನೆಗೆ ಬ್ಲೀಚು ಬೇಕಿಲ್ಲ, ತೊಳೆದ ಚೀಲವನ್ನು ಲಿಂಬೆರಸ ಹಿಂಡಿದ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಹೋಗುತ್ತದೆ. ಸುವಾಸನೆಯ ದ್ರವ ಹಾಕಬಾರದು. ಅದು ಹೊಲಸನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ.

ವಾಷಿಂಗ್ ಮಶೀನಿಗೆ ಹಾಕುವವರು ಚೀಲವನ್ನಷ್ಟೇ ಹಾಕಲಿ, ನೀರು ಆದಷ್ಟು ಬಿಸಿಯಿರಲಿ. ಮಕ್ಕಳ ಅಂಗಿಯೊಂದಿಗೆ ಕೂಡದು.

ನೀರಿನ ಚಿಂತೆ ನನಗೂ ಗೊತ್ತು. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಅಷ್ಟು ದೂರ ಹರಿದು ಬರುವ ನೀರಿಗಾಗಿ ನಮ್ಮ ಅವಳಿ ನಗರದ ಎಷ್ಟೋ ಓಣಿಗಳು ದಿನಗಟ್ಟಲೆ ಕಾದಿವೆ. ನಲ್ಲಿ ಬರುವ ದಿನ ತೊಳೆದರಾಯಿತೆಂದು ಚೀಲವನ್ನು ಮೂಲೆಗೆ ಬಿಡಲು ಅದು ಕಾರಣವಾಗಬಾರದು. ಇಡೀ ಕೆಲಸಕ್ಕೆ ಎರಡು ಬಕೆಟ್ ನೀರು ಸಾಕು. ಅದೂ ಇಲ್ಲದ ದಿನ ಡಬ್ಬಿಯಲ್ಲೇ ತನ್ನಿ. ಡಬ್ಬಿ ತೊಳೆಯಲು ಎರಡು ಚರಗಿ ಸಾಕು.

ರಕ್ತದ ನೀರನ್ನು ರಸ್ತೆಬದಿಯ ಗಟಾರಕ್ಕೆ ಚೆಲ್ಲಬಾರದು. ಮಳೆನೀರು ಹೋಗುವ ತೆರೆದ ಗಟಾರ ಅದು, ನೊಣಕ್ಕೂ ನಾಯಿಗೂ ಆಹ್ವಾನ. ಸಂಡಾಸಿಗೆ ಸುರಿದು ಮೇಲೆ ನೀರು ಹಾಕಿ. ಕೊನೆಯ ಜಾಲಿಸಿದ ನೀರು ಹೂವಿನ ಗಿಡಕ್ಕೆ ನಡೆಯುತ್ತದೆ, ಹಿತ್ತಲಿನ ಮೆಂತ್ಯೆ-ಕೊತ್ತಂಬರಿಗೆ ಬೇಡ. ಪಾತ್ರೆ ತೊಳೆಯುವ ಸಿಂಕಿನಲ್ಲಿ ಚೀಲ ತೊಳೆಯಬಾರದು. ತೊಳೆದಾದ ಮೇಲೆ ಕೈಗೆ ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೂ ತಿಕ್ಕಿ.

ಒಣಗಿಸುವುದು, ಇಡುವುದು

ಬಿಸಿಲಿನಲ್ಲಿ, ಒಳಭಾಗ ಹೊರಗೆ ಮಾಡಿ, ಕಟಕಟ ಒಣಗುವವರೆಗೆ. ಅರೆ ಹಸಿ ಚೀಲ ಮಡಿಸಿದರೆ ಕುದಿಸಿದ ಶ್ರಮವೆಲ್ಲ ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ಬಿಸಿಲು ಸಿಗದಿದ್ದರೆ ಫ್ಯಾನಿನ ಕೆಳಗೆ ಹರವಿ, ಆಮೇಲೆ ಬಿಸಿ ಇಸ್ತ್ರಿ ಹಾಕಿ. ಕರಿ ಚುಕ್ಕೆ ಕಂಡರೆ ಅದು ಬೂಷ್ಟು, ಆ ಚೀಲಕ್ಕೆ ಮತ್ತೆ ಕುದಿತ.

ಬಾಡಿಗೆ ಮನೆಗಳಲ್ಲಿ ಮಾಳಿಗೆಯ ಹಗ್ಗ ಎಲ್ಲರದು. ರಕ್ತದ ಕಲೆಯಿರುವ ಚೀಲವನ್ನು ಅಲ್ಲಿ ಹಾಕುವುದು ಅಕ್ಕಪಕ್ಕದವರಿಗೆ ಮಾಡುವ ಅಗೌರವ. ತೊಳೆದು ಕುದಿಸಿದ ಬಿಳಿ ಚೀಲವನ್ನು ಒಣಹಾಕಲು ಮಾತ್ರ ಯಾರೂ ಅಂಜಬೇಕಿಲ್ಲ, ಅದು ತೊಳೆದ ಅಂಗವಸ್ತ್ರದಷ್ಟೇ ಶುದ್ಧ.

ಸಂಡಾಸು, ಬಚ್ಚಲಲ್ಲಿ ಚೀಲ ತೂಗುಹಾಕಬಾರದು. 2010ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಹುಡುಗಿಯರ ಫುಟ್‌ಬಾಲ್ ತಂಡವೊಂದರಲ್ಲಿ ವಾಂತಿಭೇದಿ ಹಬ್ಬಿದಾಗ ಆರೋಗ್ಯಾಧಿಕಾರಿಗಳು ಅದರ ಮೂಲ ಹುಡುಕಿದರು. ಕಾಯಿಲೆಬಿದ್ದ ಹುಡುಗಿ ಬಳಸಿದ ಬಚ್ಚಲಲ್ಲಿ ತಿಂಡಿಯ ಚೀಲವೊಂದಿತ್ತು. ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ನೊರೊವೈರಸ್ ಗಾಳಿಯಲ್ಲೇ ಚೀಲದ ಮೇಲೆ ಇಳಿದು ಉಳಿದವರಿಗೆ ಹತ್ತಿತ್ತು.

ಒಣಗಿದ ಚೀಲವನ್ನು ಡಬ್ಬಿಯೊಳಗೇ ಮಡಿಸಿಡಿ. ಕಾಯಿಪಲ್ಲೆ ಚೀಲಗಳ ರಾಶಿಯಲ್ಲಿ ಸೇರಿಸಬಾರದು, ಫ್ರಿಜ್ಜಿನ ಮೇಲೆ ಎಸೆಯಬಾರದು.

ಅಂಗಡಿಯವರಿಗೆ

ಕೊಕ್ಕೆಗೆ ತೂಗುಹಾಕಿದ ಮಾಂಸಕ್ಕೆ ಹೊದಿಸುವ ಅರಿವೆಗೂ ಇದೇ ಕಟ್ಟಳೆ, ಇನ್ನಷ್ಟು ಬಿಗಿಯಾಗಿ. ಪಿ.ಬಿ. ರಸ್ತೆಯ ಧೂಳು, ಹೊಗೆ, ನೊಣ ಮೂರನ್ನೂ ತಡೆಯಬೇಕಾದ ಅರಿವೆ ಅದು. ದಿನಕ್ಕೆ ಕನಿಷ್ಠ ಎರಡು ಅರಿವೆ ಬೇಕು, ರಾತ್ರಿ ಎರಡನ್ನೂ ಕುದಿಸಬೇಕು. ಮಾಂಸ ತಾಜಾ ಕಾಣಲೆಂದು ಅರಿವೆಯನ್ನು ನೀರಲ್ಲಿ ಅದ್ದಿ ಹೊದಿಸುವುದು ತಪ್ಪು. ಮಾಂಸದ ಮೇಲ್ಮೈ ಒಣಗಿದ್ದಷ್ಟೂ ಕೆಡುವುದು ತಡ, ಹಸಿ ಅರಿವೆ ರೋಗಾಣುವಿಗೆ ಬೇಕಾದ ತೇವ ಕೊಡುತ್ತದೆ. ನೊಣ ಒಮ್ಮೆ ಕೂತು ತತ್ತಿ ಇಟ್ಟರೆ ಬೇಸಿಗೆಯಲ್ಲಿ ಒಂದು ದಿನ ತುಂಬುವ ಮೊದಲೇ ಹುಳುವಾಗಬಹುದು.

ಚಾಕು ಒರೆಸುವ ಅರಿವೆ ಬೇರೆ, ಕೈ ಒರೆಸುವುದು ಬೇರೆ, ಹೊದಿಸುವುದು ಬೇರೆ. ಹೆಗಲ ಮೇಲಿನ ಒಂದೇ ಟವೆಲ್ಲಿನಿಂದ ಬೆವರು, ಚಾಕು, ಕಾಟಾ ಎಲ್ಲ ಒರೆಸುವುದನ್ನು ನಿಲ್ಲಿಸಿ. ಖಂಡ ಕಡಿಯುವ ಕೊರಡನ್ನು ದಿನಾ ಕೆರೆದು, ಬಿಸಿನೀರು ಸುರಿದು, ಉಪ್ಪು ತಿಕ್ಕಿ, ಒಣಗಲು ಬಿಡಿ. ಗಿರಾಕಿ ಡಬ್ಬಿ ಚಾಚಿದರೆ ಮುಖ ಸಿಂಡರಿಸಬಾರದು, ಡಬ್ಬಿ ತಂದವರಿಗೆ ಮೊದಲು ಕೊಡಿ, ನಾಲ್ಕು ವಾರದಲ್ಲಿ ಎಲ್ಲರೂ ತರುತ್ತಾರೆ. ಗಿರಾಕಿಯ ಡಬ್ಬಿ, ಚೀಲ ಹೊಲಸಾಗಿದ್ದರೆ ಅದಕ್ಕೆ ಮಾಂಸ ಹಾಕದಿರಿ, ನಾಳೆ ಹೊಟ್ಟೆ ಕೆಟ್ಟಾಗ ಹೆಸರು ಬರುವುದು ನಿಮ್ಮ ಅಂಗಡಿಗೆ.

ಚೀಲ ಬಿಡುವ ಸಮಯ

ಕುದಿಸಿ ಒಣಗಿಸಿದ ಮೇಲೂ ವಾಸನೆ ಬಂದರೆ, ಹೊಲಿಗೆ ಬಿಚ್ಚಿದರೆ, ಅರಿವೆ ಜಾಳಾಗಿ ಆಚೆ ಬದಿ ಕಂಡರೆ ಆ ಚೀಲದ ಕೆಲಸ ಮುಗಿಯಿತು. ತೇಪೆ ಹಾಕಬಾರದು, ತೇಪೆಯ ಅಡಿ ತೊಳೆಯಲು ಬರುವುದಿಲ್ಲ. ಕೊನೆಯ ಸಲ ಕುದಿಸಿ, ಹರಿದು, ಸೈಕಲ್ಲೋ ಬೈಕೋ ಒರೆಸಲು ಇಟ್ಟುಕೊಳ್ಳಿ. ಅಡುಗೆಮನೆಯ ಮಸಿಅರಿವೆ ಮಾಡಿಕೊಳ್ಳಬಾರದು. ಕೆಂಪು ದಾರದ ಗುರುತನ್ನು ಹೊಸ ಚೀಲಕ್ಕೆ ಅಂದೇ ಹೊಲಿಯಿರಿ.